ಬೇಟೆಗೆ ಕಡಿಮೆ ಬೆಲೆಯ ಲೇಸರ್ ರೇಂಜ್‌ಫೈಂಡರ್ ಆರಿಸುವ ಕ್ರಮ

ಗುರಿಯ ದೂರವನ್ನು ಬೆಳಕಿನಿಂದ ಅಳೆಯುವ ಲೇಸರ್ ರೇಂಜ್‌ಫೈಂಡರಿನ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿರುವ ಅಂಕಿಯೇ ಬೇಟೆಗಾರನಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವ ಅಂಕಿ. 1000 ಗಜ ಎಂದು ಬರೆದುಕೊಂಡಿರುವ ಉಪಕರಣವು ಹೊಳೆಯುವ ರಸ್ತೆಫಲಕವೊಂದನ್ನು ಅಷ್ಟು ದೂರದಿಂದ ಅಳೆದು ತೋರಿಸಬಹುದು; ಆದರೆ ಬೇಟೆಗಾರನ ಎದುರು ನಿಲ್ಲುವುದು ರಸ್ತೆಫಲಕವಲ್ಲ, ಬೆಳಕನ್ನು ಹೀರಿಕೊಳ್ಳುವ ಕಂದುಬಣ್ಣದ ತುಪ್ಪಳವುಳ್ಳ ಜಿಂಕೆ, ಅದೂ ಬಹುಪಾಲು ನಸುಕಿನಲ್ಲಿ ಅಥವಾ ಮುಸ್ಸಂಜೆಯಲ್ಲಿ, ಅರ್ಧ ಮೈ ಪೊದೆಯ ಹಿಂದೆ ಮರೆಯಾಗಿರುವಾಗ. ಆ ಜಿಂಕೆಯ ದೂರವನ್ನು ಆ ಬೆಳಕಿನಲ್ಲಿ ತಪ್ಪಿಲ್ಲದೆ ಹೇಳಬಲ್ಲ ಉಪಕರಣ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ. ಇದಕ್ಕೆ ಅತ್ಯಂತ ದುಬಾರಿ ಉಪಕರಣವೇ ಬೇಕೆಂದಿಲ್ಲ. ಹಣ ಯಾವ ಗುಣಕ್ಕೆ ಸಲ್ಲುತ್ತಿದೆ ಎಂಬುದನ್ನು ತಿಳಿದು ಕೊಂಡರೆ ಬೆಲೆಪಟ್ಟಿಯ ಕೆಳಭಾಗದಲ್ಲಿಯೇ ತಕ್ಕದ್ದು ಸಿಗುತ್ತದೆ. ಬೇಟೆಗೆ ಕಾನೂನಿನ ಅನುಮತಿಯಿರುವ ಕಡೆ ಪರವಾನಗಿ ಪಡೆದು ಹೋಗುವವರನ್ನು ಉದ್ದೇಶಿಸಿ ಈ ಲೇಖನವನ್ನು ಬರೆಯಲಾಗಿದೆ.

ಉಪಕರಣ ಕೆಲಸ ಮಾಡುವ ಬಗೆ

ಗುಂಡಿಯನ್ನು ಒತ್ತಿದೊಡನೆ ಉಪಕರಣವು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಅತಿ ಚಿಕ್ಕ ಮಿಡಿತಗಳನ್ನು ಹೊರಡಿಸುತ್ತದೆ. ಕಡಿಮೆ ಬೆಲೆಯ ಉಪಕರಣಗಳಲ್ಲಿ ಈ ಬೆಳಕಿನ ತರಂಗಾಂತರ ಸಾಮಾನ್ಯವಾಗಿ 905 ನ್ಯಾನೋಮೀಟರ್. ಮಿಡಿತವು ಗುರಿಗೆ ತಾಗಿ, ಅದರ ಒಂದು ಸಣ್ಣ ಪಾಲು ಮರಳಿ ಬಂದಾಗ, ಹೋಗಿ ಬರಲು ಹಿಡಿದ ಕಾಲವನ್ನು ಒಳಗಿನ ಗಡಿಯಾರ ಅಳೆಯುತ್ತದೆ. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್ ಆದ್ದರಿಂದ, 300 ಮೀಟರ್ ದೂರದ ಗುರಿಯಿಂದ ಬೆಳಕು ಮರಳಲು ಸುಮಾರು 2 ಮೈಕ್ರೋಸೆಕೆಂಡ್ ಸಾಕು; ಒಂದು ಮೀಟರಿನ ವ್ಯತ್ಯಾಸವೆಂದರೆ ಗಡಿಯಾರದಲ್ಲಿ ಸುಮಾರು 6.7 ನ್ಯಾನೋಸೆಕೆಂಡಿನ ವ್ಯತ್ಯಾಸ. ಇಷ್ಟು ಸೂಕ್ಷ್ಮವಾದ ಕಾಲಮಾಪನ ಈಗ ಅಗ್ಗದ ಬಿಡಿಭಾಗಗಳಿಂದಲೇ ಸಾಧ್ಯವಾಗಿದೆ. ಹೀಗಾಗಿ ಓದು, ಅಂದರೆ ಪರದೆಯ ಮೇಲೆ ದೂರದ ಅಂಕಿ, ಸಿಕ್ಕಿದ ಪಕ್ಷದಲ್ಲಿ ಅಗ್ಗದ ಉಪಕರಣದ ನಿಖರತೆಗೂ ದುಬಾರಿಯದರ ನಿಖರತೆಗೂ ಬೇಟೆಯ ಮಟ್ಟಿಗೆ ದೊಡ್ಡ ಅಂತರವಿಲ್ಲ. ಎರಡೂ ಒಂದು ಮೀಟರಿನ ಆಚೀಚೆ ಇರುತ್ತವೆ.

ಅಂತರ ಇರುವುದು ಓದು ಸಿಗುತ್ತದೆಯೇ ಇಲ್ಲವೇ ಎಂಬುದರಲ್ಲಿ. ಮರಳಿ ಬರುವ ಬೆಳಕಿನ ಪ್ರಮಾಣ ಗುರಿಯ ಬಣ್ಣ, ಒದ್ದೆತನ, ಮೈಯ ಓರೆ, ಸುತ್ತಲಿನ ಬಿಸಿಲು, ಗಾಳಿಯಲ್ಲಿರುವ ಮಂಜು ಅಥವಾ ಧೂಳು, ಇವೆಲ್ಲವನ್ನೂ ಅವಲಂಬಿಸುತ್ತದೆ. ಪ್ರಖರವಾದ ಬಿಸಿಲು ಇದ್ದಾಗ ಸೂರ್ಯನ ಬೆಳಕಿನ ಗದ್ದಲದ ನಡುವೆ ಆ ಕ್ಷೀಣ ಮಿಡಿತವನ್ನು ಗುರುತಿಸುವುದು ಕಷ್ಟವಾಗಿ, ಮೋಡ ಕವಿದ ದಿನಕ್ಕಿಂತ ವ್ಯಾಪ್ತಿ ಕುಗ್ಗುತ್ತದೆ. ಕ್ಷೀಣವಾದ ಮರುಬೆಳಕನ್ನು ಹಿಡಿಯುವ ಸಾಮರ್ಥ್ಯ, ನೋಟದ ಸ್ವಚ್ಛತೆ, ಮತ್ತು ಹಲವು ಮರುಮಿಡಿತಗಳಲ್ಲಿ ಯಾವುದು ನಿಜವಾದ ಗುರಿಯದು ಎಂದು ತೀರ್ಮಾನಿಸುವ ಜಾಣ್ಮೆ, ಈ ಮೂರಕ್ಕೆ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿದೆ.

ಮೊದಲನೆಯ ಹೆಜ್ಜೆ: ಸ್ವಂತ ದೂರವನ್ನು ಗೊತ್ತುಮಾಡಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು, ನೀವು ಎಷ್ಟು ದೂರದಿಂದ ಖಚಿತವಾಗಿ ಹೊಡೆಯಬಲ್ಲಿರಿ ಎಂಬುದನ್ನು ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳಿ. ಇದು ಅಭ್ಯಾಸದ ಮೈದಾನದಲ್ಲಿ, ಮೇಜಿನ ಮೇಲೆ ಮರಳಿನ ಚೀಲಕ್ಕೆ ಬಂದೂಕನ್ನು ಆನಿಸಿ ಹೊಡೆಯುವ ದೂರವಲ್ಲ. ಮಂಡಿಯೂರಿಯೋ ಮರಕ್ಕೆ ಒರಗಿಯೋ ಏದುಸಿರಿನ ನಡುವೆ ಹೊಡೆಯುವ ದೂರ. ಆ ಅಂಕಿಯೇ ಮುಂದಿನ ಎಲ್ಲ ಲೆಕ್ಕಕ್ಕೂ ಆಧಾರ.

ಬಿಲ್ಲುಗಾರರ ಲೆಕ್ಕವನ್ನು ಮೊದಲು ನೋಡೋಣ. ಬಾಣವು ಸೆಕೆಂಡಿಗೆ 85 ಮೀಟರ್ ವೇಗದಲ್ಲಿ ಹೊರಟರೆ 40 ಮೀಟರ್ ಕ್ರಮಿಸಲು ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಗುರುತ್ವದಿಂದ ಸುಮಾರು 1.1 ಮೀಟರ್ ಇಳಿಯುತ್ತದೆ. ಬಿಲ್ಲಿನ ಗುರಿಕಡ್ಡಿಯನ್ನು 40 ಮೀಟರಿಗೆ ಹೊಂದಿಸಿರುವಾಗ ಜಿಂಕೆ ವಾಸ್ತವದಲ್ಲಿ 44 ಮೀಟರಿನಲ್ಲಿ ನಿಂತಿದ್ದರೆ ಬಾಣ 12 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 36 ಮೀಟರಿನಲ್ಲಿದ್ದರೆ ಸುಮಾರು 10 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಮಧ್ಯಮ ಗಾತ್ರದ ಜಿಂಕೆಯ ಮರ್ಮಸ್ಥಾನದ ವ್ಯಾಸವನ್ನು 20 ಸೆಂಟಿಮೀಟರ್ ಎಂದು ಹಿಡಿಯುವುದು ರೂಢಿ, ಅಂದರೆ ನಡುವಿನಿಂದ ಅಂಚಿಗೆ ಬರೀ 10 ಸೆಂಟಿಮೀಟರ್. ಕಣ್ಣಳತೆಯಲ್ಲಿ ನೂರಕ್ಕೆ ಹತ್ತರಷ್ಟು ತಪ್ಪಿದರೂ ಪ್ರಾಣಿ ಗಾಯಗೊಂಡು ಓಡಿಹೋಗುವ ಸ್ಥಿತಿ ಇದು, ಮತ್ತು ಹತ್ತರಷ್ಟು ತಪ್ಪು ಕಣ್ಣಳತೆಯಲ್ಲಿ ಬಹಳ ಸಾಮಾನ್ಯ. ಅದೇ ದೂರದಲ್ಲಿ ಒಂದು ಮೀಟರಿನ ತಪ್ಪು ತರುವ ವ್ಯತ್ಯಾಸ ಮೂರು ಸೆಂಟಿಮೀಟರಿಗಿಂತ ಕಡಿಮೆ. ದಶಾಂಶದವರೆಗೆ ದೂರ ತೋರಿಸುತ್ತೇವೆ ಎಂಬ ಜಾಹೀರಾತಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ರೈಫಲ್ಲಿನವರಿಗೆ ಹತ್ತಿರದ ದೂರಗಳಲ್ಲಿ ಈ ಉಪಕರಣದ ಅಗತ್ಯವೇ ಅಷ್ಟಿಲ್ಲ. .308 ವಿಂಚೆಸ್ಟರ್ ತರಹದ ಸಾಮಾನ್ಯ ಗುಂಡನ್ನು 200 ಮೀಟರಿಗೆ ಹೊಂದಿಸಿದರೆ ಅಲ್ಲಿಯವರೆಗೆ ಅದರ ಏರಿಳಿತ ಮರ್ಮಸ್ಥಾನದ ಒಳಗೇ ಇರುತ್ತದೆ. ಆದರೆ 300 ಮೀಟರಿನಲ್ಲಿ ಅದು ಕಾಲು ಮೀಟರಿನಷ್ಟು, 400 ಮೀಟರಿನಲ್ಲಿ ಸುಮಾರು 70 ಸೆಂಟಿಮೀಟರಿನಷ್ಟು ಕೆಳಗಿಳಿದಿರುತ್ತದೆ. 350 ಎಂದುಕೊಂಡದ್ದು 400 ಆಗಿದ್ದರೆ ಗುಂಡು ಹೊಟ್ಟೆಯ ಕೆಳಗೆ ಹಾದುಹೋಗುತ್ತದೆ, ಇಲ್ಲವೇ ಕಾಲನ್ನು ಮುರಿಯುತ್ತದೆ. 200ಕ್ಕಿಂತ ಹತ್ತಿರದಲ್ಲಿ ಮಾತ್ರ ಬೇಟೆಯಾಡುವವರು, ದಟ್ಟ ಕಾಡಿನೊಳಗೆ ರೈಫಲ್ ಹಿಡಿದು ಹೋಗುವವರು, ಈ ಖರೀದಿಯನ್ನೇ ಕೈಬಿಟ್ಟು ಆ ಹಣವನ್ನು ಒಳ್ಳೆಯ ಬೈನಾಕ್ಯುಲರಿಗೆ ಹಾಕುವುದು ಮೇಲು ಎಂದು ನನ್ನ ಅಭಿಪ್ರಾಯ.

ಎರಡನೆಯ ಹೆಜ್ಜೆ: ಮೂರು ಅಂಕಿಗಳನ್ನು ಬೇರ್ಪಡಿಸಿ ಓದಿ

ಪ್ರಾಮಾಣಿಕ ತಯಾರಕರು ವ್ಯಾಪ್ತಿಯನ್ನು ಮೂರಾಗಿ ಕೊಡುತ್ತಾರೆ: ಹೊಳೆಯುವ ಗುರಿಗೆ ಒಂದು, ಮರಕ್ಕೆ ಒಂದು, ಜಿಂಕೆಗೆ ಒಂದು. ಮೊದಲನೆಯದೇ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ. ಮರದ ಅಂಕಿ ಅದರ ಮೂರನೇ ಎರಡರಷ್ಟು, ಜಿಂಕೆಯ ಅಂಕಿ ಅರ್ಧದ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರುವುದು ಸಾಮಾನ್ಯ. ನಿಮ್ಮ ಖರೀದಿಗೆ ಸಂಬಂಧಪಟ್ಟದ್ದು ಮೂರನೆಯದು ಮಾತ್ರ. ಅದನ್ನು ಎಲ್ಲಿಯೂ ನಮೂದಿಸದ ಉಪಕರಣವಾದರೆ ದೊಡ್ಡ ಅಂಕಿಯನ್ನು ಅರ್ಧ ಮಾಡಿ ಓದಿ. ಅದನ್ನೂ ಉದಾರವಾದ ಅಂದಾಜೆಂದೇ ತಿಳಿಯಿರಿ.

ಗಜ ಮತ್ತು ಮೀಟರಿನ ಗೊಂದಲವೂ ಇಲ್ಲಿದೆ. ಒಂದು ಗಜವೆಂದರೆ 0.9144 ಮೀಟರ್, ಆದ್ದರಿಂದ 1000 ಗಜದ ಉಪಕರಣ 914 ಮೀಟರಿನದು. ಬಹುತೇಕ ಉಪಕರಣಗಳಲ್ಲಿ ಎರಡರ ನಡುವೆ ಬದಲಾಯಿಸುವ ವ್ಯವಸ್ಥೆಯಿದ್ದರೂ, ಪೆಟ್ಟಿಗೆ ಬಿಚ್ಚಿದಾಗ ಅದು ಗಜದಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಗುರಿ ಹೊಂದಿಸಿದ್ದು ಮೀಟರಿನಲ್ಲಿ, ದೂರ ಓದಿದ್ದು ಗಜದಲ್ಲಿ ಎಂದಾದರೆ 300ರ ಹತ್ತಿರ 26 ಮೀಟರಿನ ತಪ್ಪು ತಾನಾಗಿಯೇ ಸೇರಿಕೊಳ್ಳುತ್ತದೆ.

ಈಗ ಮೊದಲ ಹೆಜ್ಜೆಯ ಅಂಕಿಯನ್ನು ತೆಗೆದುಕೊಂಡು ಒಂದೂವರೆಯಿಂದ ಗುಣಿಸಿ. ಒದ್ದೆ ತುಪ್ಪಳ, ತುಂತುರು ಮಳೆ, ಓರೆಯಾಗಿ ನಿಂತ ಪ್ರಾಣಿ, ನಡುಗುವ ಕೈ, ಇವುಗಳಿಗೆಲ್ಲ ಆ ಅರ್ಧ ಪಾಲು ಮೀಸಲು. 300 ಮೀಟರಿನವರೆಗೆ ಹೊಡೆಯುವವರಿಗೆ ಜಿಂಕೆಯ ಮೇಲೆ 450 ಮೀಟರ್ ಓದುವ ಉಪಕರಣ ಬೇಕು, ಅಂದರೆ 1000 ಗಜದ ವರ್ಗದ್ದು. 40 ಮೀಟರಿನ ಬಿಲ್ಲುಗಾರರಿಗೆ ಜಿಂಕೆಯ ಮೇಲೆ 60 ಮೀಟರ್ ಸಾಕು. ಮಾರುಕಟ್ಟೆಯ ಅತಿ ಚಿಕ್ಕ ಉಪಕರಣವೂ ಇದನ್ನು ಲೀಲಾಜಾಲವಾಗಿ ಮೀರುತ್ತದೆ. ಬಿಲ್ಲುಗಾರರು ವ್ಯಾಪ್ತಿಯ ಅಂಕಿಗೆ ಒಂದು ಕಾಸೂ ಹೆಚ್ಚು ಕೊಡದೆ, ಮುಂದೆ ಹೇಳುವ ಪರದೆ ಮತ್ತು ಓರೆಯ ಲೆಕ್ಕದ ಕಡೆಗೆ ಹಣವನ್ನು ತಿರುಗಿಸಬೇಕು.

ಮೂರನೆಯ ಹೆಜ್ಜೆ: ಗಾಲ್ಫ್ ಉಪಕರಣವೋ ಬೇಟೆಯ ಉಪಕರಣವೋ ನೋಡಿ

ಕಡಿಮೆ ಬೆಲೆಯವುಗಳಲ್ಲಿ ಹೆಚ್ಚಿನವು ಗಾಲ್ಫ್ ಆಟಕ್ಕಾಗಿ ಮಾಡಿದವು. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿವೆ, ಕೆಲವೊಮ್ಮೆ ಒಂದೇ ಕವಚಕ್ಕೆ ಹಸಿರು-ಕಂದು ಬಣ್ಣ ಬಳಿದು ಬೇಟೆಯ ಹೆಸರಿನಲ್ಲಿ ಮಾರುವುದೂ ಉಂಟು. ವ್ಯತ್ಯಾಸ ಒಳಗಿನ ತೀರ್ಮಾನದಲ್ಲಿದೆ. ಗಾಲ್ಫ್ ಆಟಗಾರನಿಗೆ ಬೇಕಾದದ್ದು ಹತ್ತಿರದಲ್ಲಿರುವ ಬಾವುಟದ ಕೋಲು, ಅದರ ಹಿಂದಿನ ಮರಗಳಲ್ಲ. ಹಾಗಾಗಿ ಹಲವು ಮರುಮಿಡಿತಗಳು ಬಂದಾಗ ಆ ಉಪಕರಣ ಮೊದಲನೆಯದನ್ನು ಆರಿಸುತ್ತದೆ. ಬೇಟೆಗಾರನಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಎದುರಿನ ಹುಲ್ಲು, ರೆಂಬೆ, ಪೊದೆಗಳಿಂದ ಬಂದ ಮಿಡಿತವನ್ನು ಬದಿಗಿಟ್ಟು, ಅವುಗಳ ಹಿಂದೆ ನಿಂತ ಪ್ರಾಣಿಯಿಂದ ಬಂದದ್ದನ್ನು ಹಿಡಿಯಬೇಕು. ಮೊದಲ ಗುರಿಗೆ ಆದ್ಯತೆ ಕೊಡುವ ಉಪಕರಣವನ್ನು ಪೊದೆಯತ್ತ ಹಿಡಿದರೆ, ಜಿಂಕೆ 38 ಮೀಟರಿನಲ್ಲಿದ್ದರೂ ಅದು 22 ಮೀಟರ್ ಎಂದು ನಿಶ್ಚಿಂತೆಯಿಂದ ತೋರಿಸಬಲ್ಲದು. ಓದೇ ಸಿಗದಿದ್ದರೆ ಹೊಡೆಯುವವನು ಕಾಯುತ್ತಾನೆ, ತಪ್ಪು ಓದು ಸಿಕ್ಕಿದರೆ ಹೊಡೆದುಬಿಡುತ್ತಾನೆ. ಆದ್ದರಿಂದ ಎರಡನೆಯದು ಹೆಚ್ಚು ಅಪಾಯಕಾರಿ.

ಹಿಂದಿನ ಗುರಿಗೆ ಆದ್ಯತೆ ಕೊಡುವ ಈ ವ್ಯವಸ್ಥೆಯನ್ನು ತಯಾರಕರು ಬ್ರಷ್ ಮೋಡ್, ಲಾಸ್ಟ್ ಟಾರ್ಗೆಟ್, ಹಂಟ್ ಮೋಡ್ ಎಂದೆಲ್ಲ ಕರೆಯುತ್ತಾರೆ. ಕೈಪಿಡಿಯಲ್ಲಿ ಅದರ ವಿವರಣೆ ಇದೆಯೇ ಎಂದು ನೋಡಿ. ಬೇಟೆಯ ಚಿತ್ರ ಅಚ್ಚುಹಾಕಿದ ಮಾತ್ರಕ್ಕೆ ಅದು ಇದೆಯೆಂದು ಭಾವಿಸಬೇಡಿ. ಎರಡು ಆದ್ಯತೆಗಳ ನಡುವೆ ಬದಲಿಸಲು ಬರುವ ಉಪಕರಣ ಇನ್ನೂ ಒಳ್ಳೆಯದು, ಏಕೆಂದರೆ ಬಯಲಿನಲ್ಲಿ ನಿಂತ ಪ್ರಾಣಿಯ ಹಿಂದೆ ದಟ್ಟ ಕಾಡಿನ ಗೋಡೆ ಇದ್ದಾಗ ಹಿಂದಿನ ಆದ್ಯತೆಯೇ ತಪ್ಪು ಓದಿಗೆ ಕಾರಣವಾಗುತ್ತದೆ.

ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತೂ ದೂರವನ್ನು ತೋರಿಸುತ್ತಲೇ ಹೋಗುವ ಸ್ಕ್ಯಾನ್ ವ್ಯವಸ್ಥೆ ಇರಲೇಬೇಕು. ನಡೆಯುತ್ತಿರುವ ಪ್ರಾಣಿಗೆ ಅದು ಉಪಯೋಗ ಎನ್ನುವುದು ಸರಿ. ಅದಕ್ಕಿಂತ ಮುಖ್ಯವಾಗಿ, ಪ್ರಾಣಿಯ ಮೇಲಿಂದ ಅದರ ಹಿಂದಿನ ಮರಕ್ಕೆ, ಮರದಿಂದ ಮತ್ತೆ ಪ್ರಾಣಿಯ ಮೇಲೆ ನೋಟವನ್ನು ಹರಿಸಿದಾಗ ಅಂಕಿ ಎಲ್ಲಿ ಜಿಗಿಯುತ್ತದೆ ಎಂಬುದನ್ನು ಕಂಡು, ಯಾವ ಅಂಕಿ ಯಾವುದಕ್ಕೆ ಸೇರಿದ್ದು ಎಂದು ಖಚಿತಪಡಿಸಿಕೊಳ್ಳಬಹುದು.

ನಾಲ್ಕನೆಯ ಹೆಜ್ಜೆ: ಮಬ್ಬು ಬೆಳಕಿನಲ್ಲಿ ಪರದೆಯನ್ನು ನೋಡಿ

ಕಡಿಮೆ ಬೆಲೆಯ ಉಪಕರಣಗಳು ಸೋಲುವುದು ಬಹುಪಾಲು ಲೇಸರಿನಲ್ಲಿ ಅಲ್ಲ, ಪರದೆಯಲ್ಲಿ. ಅಗ್ಗದವುಗಳಲ್ಲಿ ದೂರದ ಅಂಕಿಯೂ ನಡುವಿನ ಗುರಿಚಿಹ್ನೆಯೂ ಕಪ್ಪು ಬಣ್ಣದ ಎಲ್‌ಸಿಡಿಯಲ್ಲಿ ಮೂಡುತ್ತವೆ. ಹಗಲಿನಲ್ಲಿ, ತೆರೆದ ಹುಲ್ಲುಗಾವಲಿನ ಹಿನ್ನೆಲೆಯಲ್ಲಿ ಇವು ಸೊಗಸಾಗಿ ಕಾಣುತ್ತವೆ. ಅಂಗಡಿಯ ದೀಪದ ಬೆಳಕಿನಲ್ಲಿಯಂತೂ ದೋಷವೇ ತಿಳಿಯುವುದಿಲ್ಲ. ಆದರೆ ಜಿಂಕೆ ಹೊರಬರುವ ಹೊತ್ತಿನಲ್ಲಿ, ಕಪ್ಪಾಗುತ್ತಿರುವ ಕಾಡಿನ ಅಂಚಿನ ಮೇಲೆ ಕಪ್ಪು ಅಂಕಿ ಕರಗಿಹೋಗುತ್ತದೆ. ಉಪಕರಣ ಸರಿಯಾದ ದೂರವನ್ನು ಅಳೆದಿರುತ್ತದೆ, ಬೇಟೆಗಾರನಿಗೆ ಅದು ಓದಲು ಸಿಗುವುದಿಲ್ಲ. ಬೆಳಕಿನ ಹಾದಿಯಲ್ಲಿಯೇ ಕುಳಿತಿರುವ ಎಲ್‌ಸಿಡಿ ಫಲಕವು ಬರುವ ಬೆಳಕಿನ ಒಂದು ಪಾಲನ್ನು ನುಂಗುವುದರಿಂದ ನೋಟವೂ ಮಂಕಾಗುತ್ತದೆ. ತೀವ್ರ ಚಳಿಯಲ್ಲಿ ಅಂಕಿಗಳು ನಿಧಾನವಾಗಿ ಬದಲಾಗುವುದು ಇದರ ಇನ್ನೊಂದು ಕೊರತೆ.

ಕೆಂಪಾಗಿ ಬೆಳಗುವ ಎಲ್‌ಇಡಿ ಅಥವಾ ಓಎಲ್‌ಇಡಿ ಪರದೆಗೆ ಈ ತೊಂದರೆಯಿಲ್ಲ. ಅದಕ್ಕಿರುವ ತೊಂದರೆ ಬೇರೆ: ಹೊಳಪನ್ನು ತಗ್ಗಿಸಲು ಬರದಿದ್ದರೆ ಮುಸ್ಸಂಜೆಯಲ್ಲಿ ಅದು ಕಣ್ಣು ಕೋರೈಸಿ ಪ್ರಾಣಿಯನ್ನೇ ಮರೆಮಾಡುತ್ತದೆ, ನಡುಹಗಲಿನ ಹಿಮದ ಮೇಲೆ ಮಸುಕಾಗುತ್ತದೆ. ಹೊಳಪಿಗೆ ಕನಿಷ್ಠ ಮೂರು ನಾಲ್ಕು ಮಟ್ಟಗಳು ಇರಲಿ. ಒಂದೇ ಬೆಲೆಗೆ 1500 ಗಜದ ಕಪ್ಪು ಪರದೆಯ ಉಪಕರಣವೂ 1000 ಗಜದ ಕೆಂಪು ಪರದೆಯ ಉಪಕರಣವೂ ಸಿಗುವುದಾದರೆ ಹಿಂದೆ ಮುಂದೆ ನೋಡದೆ ಎರಡನೆಯದನ್ನು ಕೊಳ್ಳಿ.

ಮಸೂರದ ವಿಷಯದಲ್ಲಿ 6×21 ಎಂಬಂತಹ ಬರಹವನ್ನು ಕಾಣುತ್ತೀರಿ. ಮೊದಲನೆಯದು ದೃಶ್ಯವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 6×21ಕ್ಕೆ 3.5, 6×24ಕ್ಕೆ 4, 5×21ಕ್ಕೆ 4.2 ಮಿಲಿಮೀಟರ್. ಮಬ್ಬಿನಲ್ಲಿ ಕಣ್ಣಿನ ಪಾಪೆ 5 ಮಿಲಿಮೀಟರಿಗೂ ಅಗಲವಾಗಿ ತೆರೆಯಬಲ್ಲದಾದ್ದರಿಂದ ಈ ಅಂಕಿ ದೊಡ್ಡದಾದಷ್ಟೂ ಅನುಕೂಲ. ಏಳು, ಎಂಟು ಪಟ್ಟು ಹಿಗ್ಗಿಸುತ್ತೇವೆಂದು ಹೇಳುವ ಅಗ್ಗದ ಉಪಕರಣಗಳಲ್ಲಿ ದೃಶ್ಯ ದೊಡ್ಡದಾಗುವುದರ ಜೊತೆಗೆ ಕತ್ತಲೆಯೂ ಕೈನಡುಕವೂ ಹೆಚ್ಚುತ್ತವೆ. ಐದು ಅಥವಾ ಆರು ಪಟ್ಟು ಸಾಕು. ಪ್ರಾಣಿಯನ್ನು ಹುಡುಕುವ ಕೆಲಸ ಬೈನಾಕ್ಯುಲರಿನದು, ರೇಂಜ್‌ಫೈಂಡರಿನದು ದೂರ ಹೇಳುವ ಕೆಲಸ ಮಾತ್ರ. ಕನ್ನಡಕ ಧರಿಸುವವರು ಕಣ್ಣಿಗೂ ಹಿಂದಿನ ಮಸೂರಕ್ಕೂ ಇರಬೇಕಾದ ಅಂತರ 15 ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಉಪಕರಣವನ್ನು ಆರಿಸಬೇಕು, ಇಲ್ಲವಾದರೆ ಪರದೆಯ ಅಂಚಿನಲ್ಲಿರುವ ಅಂಕಿಗಳು ಕಾಣದೆಹೋಗುತ್ತವೆ.

ಐದನೆಯ ಹೆಜ್ಜೆ: ಓರೆಯ ಲೆಕ್ಕ ನಿಮಗೆ ಬೇಕೇ ಎಂದು ತೀರ್ಮಾನಿಸಿ

ಬೆಟ್ಟದ ಮೇಲಿಂದ ಕೆಳಗೆ ಅಥವಾ ಕೆಳಗಿನಿಂದ ಮೇಲಕ್ಕೆ ಗುರಿಯಿಡುವಾಗ ಲೇಸರ್ ಅಳೆಯುವುದು ಓರೆಯಾದ ದೂರವನ್ನು. ಬಾಣ ಅಥವಾ ಗುಂಡಿನ ಇಳಿತವನ್ನು ನಿರ್ಧರಿಸುವುದಾದರೋ ಹೆಚ್ಚುಕಡಿಮೆ ಸಮತಲದ ದೂರ. ಓರೆಯ ದೂರವನ್ನು ಕೋನದ ಕೊಸೈನಿನಿಂದ ಗುಣಿಸಿದರೆ ಅದು ಸಿಗುತ್ತದೆ: 20 ಡಿಗ್ರಿಗೆ 0.94, 30 ಡಿಗ್ರಿಗೆ 0.87, 45 ಡಿಗ್ರಿಗೆ 0.71. ಒಳಗೆ ಕೋನಮಾಪಕವಿರುವ ಉಪಕರಣ ಈ ಲೆಕ್ಕವನ್ನು ತಾನೇ ಮಾಡಿ ತೋರಿಸುತ್ತದೆ.

ಮಾರಾಟದ ಮಾತುಗಳಲ್ಲಿ ಮರದ ಅಟ್ಟಣೆಯ ಮೇಲೆ ಕೂರುವವರಿಗೆ ಇದು ಅನಿವಾರ್ಯವೆಂದು ಹೇಳುವುದುಂಟು. ಲೆಕ್ಕ ಹಾಕಿ ನೋಡಿದರೆ ಹಾಗೇನೂ ಇಲ್ಲ. 6 ಮೀಟರ್ ಎತ್ತರದ ಅಟ್ಟಣೆಯಿಂದ 20 ಮೀಟರ್ ಆಚೆಯ ಪ್ರಾಣಿಗೆ ಓರೆಯ ದೂರ 20.9 ಮೀಟರ್, ವ್ಯತ್ಯಾಸ ಒಂದು ಮೀಟರೂ ಇಲ್ಲ, ಪ್ರಾಣಿ ಇನ್ನೂ ದೂರದಲ್ಲಿದ್ದರೆ ಅದು ಮತ್ತಷ್ಟು ಕಡಿಮೆಯಾಗುತ್ತದೆ. ಇದರ ನಿಜವಾದ ಉಪಯೋಗ ಇರುವುದು ಕಡಿದಾದ ಇಳಿಜಾರಿನಲ್ಲಿ. 30 ಡಿಗ್ರಿ ಇಳಿಜಾರಿನಲ್ಲಿ 40 ಮೀಟರ್ ಎಂದು ಓದಿದ ಪ್ರಾಣಿಗೆ 34.6 ಮೀಟರಿನ ಗುರಿಕಡ್ಡಿ ಬಳಸಬೇಕು; 40ರದನ್ನೇ ಬಳಸಿದರೆ ಬಾಣ 12 ಸೆಂಟಿಮೀಟರಿಗಿಂತ ಹೆಚ್ಚು ಮೇಲೆ ಹೋಗುತ್ತದೆ. ಗುರಿ ಮೇಲಿರಲಿ ಕೆಳಗಿರಲಿ ತಪ್ಪು ಮೇಲ್ಮುಖವಾಗಿಯೇ ಇರುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಬೆಟ್ಟಗುಡ್ಡಗಳಲ್ಲಿ ಬಿಲ್ಲು ಹಿಡಿದು ಹೋಗುವವರಿಗೂ, 250 ಮೀಟರಿನಾಚೆ ರೈಫಲ್ ಬಳಸುವವರಿಗೂ ಈ ಸೌಲಭ್ಯ ಬೇಕು. ಬಯಲುಸೀಮೆಯವರು ಅದಿಲ್ಲದ, ಬೆಲೆ ಇನ್ನೂ ಕಡಿಮೆಯಾದ ಉಪಕರಣದಿಂದ ತೃಪ್ತರಾಗಬಹುದು. ಗುಂಡಿನ ಇಳಿತವನ್ನೇ ಲೆಕ್ಕಹಾಕಿ ಕೊಡುವ ಬ್ಯಾಲಿಸ್ಟಿಕ್ ಪಟ್ಟಿಗಳು, ಬ್ಲೂಟೂತ್ ಮೂಲಕ ಮೊಬೈಲಿಗೆ ಸೇರಿಸುವ ಸೌಲಭ್ಯ ಮುಂತಾದವು ಈ ಬೆಲೆಯಲ್ಲಿ ಬರುವಾಗ ಬೇರೆಲ್ಲೋ ಕತ್ತರಿ ಬಿದ್ದಿರುತ್ತದೆ, ಹೆಚ್ಚಾಗಿ ಮಸೂರದಲ್ಲಿ. ರೈಫಲ್ಲಿನ ಹಿಡಿಯ ಮೇಲೆ ಅಂಟಿಸಿದ ಇಳಿತದ ಚೀಟಿ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ.

ಆರನೆಯ ಹೆಜ್ಜೆ: ಕಿರಣದ ಅಗಲವನ್ನು ಅರಿಯಿರಿ

ಲೇಸರ್ ಎಂದೊಡನೆ ಸೂಜಿಯಷ್ಟು ತೆಳುವಾದ ಗೆರೆ ಮನಸ್ಸಿಗೆ ಬರುತ್ತದೆ. ಈ ಉಪಕರಣಗಳ ಕಿರಣವು ಟಾರ್ಚಿನ ಬೆಳಕಿನಂತೆ ಹೋಗುತ್ತ ಹೋಗುತ್ತ ಹರಡುತ್ತದೆ. ಹರವನ್ನು ಮಿಲಿರೇಡಿಯನ್ ಎಂಬ ಮಾನದಲ್ಲಿ ಹೇಳುತ್ತಾರೆ. 1 ಮಿಲಿರೇಡಿಯನ್ ಎಂದರೆ 100 ಮೀಟರಿನಲ್ಲಿ 10 ಸೆಂಟಿಮೀಟರ್ ಅಗಲ. 2 ಮಿಲಿರೇಡಿಯನ್ ಹರವುಳ್ಳ ಕಿರಣ 300 ಮೀಟರಿನಲ್ಲಿ 60 ಸೆಂಟಿಮೀಟರ್ ಅಗಲವಾಗಿರುತ್ತದೆ, ಅದು ಜಿಂಕೆಯ ಎದೆಯ ಆಳಕ್ಕಿಂತ ಹೆಚ್ಚು. ಬೆಳಕಿನ ಒಂದು ಪಾಲು ಪ್ರಾಣಿಯ ಬೆನ್ನಿನ ಮೇಲಿಂದ ಹಾದು ಹಿಂದಿನ ಗುಡ್ಡಕ್ಕೆ ತಾಗಿದರೆ ಉಪಕರಣ ಗುಡ್ಡದ ದೂರವನ್ನೂ ಹೇಳಬಹುದು. ಕಿರಣದ ಆಕಾರ ಸಾಮಾನ್ಯವಾಗಿ ದುಂಡಗಿರದೆ ಒಂದು ದಿಕ್ಕಿನಲ್ಲಿ ಉದ್ದವಾಗಿರುತ್ತದೆ. ಅಗ್ಗದ ಉಪಕರಣಗಳ ವಿವರಪಟ್ಟಿಯಲ್ಲಿ ಈ ಹರವಿನ ಅಂಕಿ ಅಪರೂಪ. ಕೊಟ್ಟಿದ್ದರೆ ಚಿಕ್ಕ ಅಂಕಿಯೇ ಮೇಲು.

ಇನ್ನೊಂದು ಸಂಗತಿಯೆಂದರೆ ನೋಟದ ನಡುವಿನ ಗುರಿಚಿಹ್ನೆ ಮತ್ತು ಕಿರಣ ಒಂದೇ ಜಾಗಕ್ಕೆ ಬೀಳುತ್ತವೆಂಬ ಖಾತರಿಯಿಲ್ಲ. ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ, ಆದರೂ ಕಡಿಮೆ ಬೆಲೆಯಲ್ಲಿ ಸ್ವಲ್ಪ ವಾಲಿಕೆ ಇದ್ದೇ ಇರುತ್ತದೆ. ಅದನ್ನು ಕಂಡುಹಿಡಿಯುವ ಬಗೆ ಎಂಟನೆಯ ಹೆಜ್ಜೆಯಲ್ಲಿದೆ.

ಏಳನೆಯ ಹೆಜ್ಜೆ: ಮೈಕಟ್ಟು, ಬ್ಯಾಟರಿ, ನೀರು

ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ನೀರು ತಡೆಯುವ ದರ್ಜೆಗಳಲ್ಲಿ ಐಪಿಎಕ್ಸ್4 ಎಂದರೆ ತುಂತುರು ತಡೆಯುತ್ತದೆ, ಐಪಿಎಕ್ಸ್7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಒಳಗೆ ನೀರು ಹೋಗುವುದಿಲ್ಲ. ‘ಹವಾಮಾನ ನಿರೋಧಕ’ ಎಂಬ ಬರೀ ಮಾತಿಗೆ ಬೆಲೆಯಿಲ್ಲ. ಬ್ಯಾಟರಿಯಲ್ಲಿ ಸಿಆರ್2 ಎಂಬ 3 ವೋಲ್ಟಿನ ಲಿಥಿಯಂ ಸೆಲ್ ಬಳಸುವವು ಮತ್ತು ಯುಎಸ್‌ಬಿ ತಂತಿಯಿಂದ ಚಾರ್ಜ್ ಮಾಡುವವು ಎಂದು ಎರಡು ಬಗೆ. ಎರಡನೆಯದರಲ್ಲಿ ಖರ್ಚು ಕಡಿಮೆ, ಆದರೆ ಕಾಡಿನಲ್ಲಿ ಮುಗಿದರೆ ಪವರ್ ಬ್ಯಾಂಕ್ ಬೇಕು, ಚಳಿಯಲ್ಲಿ ಬೇಗ ಸೊರಗುತ್ತದೆ, ಒಳಗಿನ ಬ್ಯಾಟರಿ ಸತ್ತ ದಿನ ಉಪಕರಣವೂ ಸತ್ತಂತೆ. ಮನೆಯಿಂದ ಹಲವು ದಿನ ದೂರವಿರುವವರಿಗೆ ಜೇಬಿನಲ್ಲಿ ಒಂದು ಸಿಆರ್2 ಇಟ್ಟುಕೊಳ್ಳುವುದೇ ಸರಳ. ಗುಂಡಿ ಒತ್ತುವಾಗ ‘ಟಕ್’ ಎನ್ನುವ ಸದ್ದು ಬರುತ್ತದೆಯೇ, ಒಂದೇ ಕೈಯಿಂದ, ಕೈಗವಸು ತೊಟ್ಟು ಬಳಸಲು ಬರುತ್ತದೆಯೇ ಎಂಬುದನ್ನು ಬಿಲ್ಲುಗಾರರು ವಿಶೇಷವಾಗಿ ನೋಡಬೇಕು. 300 ಮೀಟರಿನಾಚೆ ಅಳೆಯುವವರು ಟ್ರೈಪಾಡಿಗೆ ಸಿಕ್ಕಿಸುವ ಕಾಲು ಇಂಚಿನ ತಿರುಪಿನ ತೂತು ಇರುವುದನ್ನು ಆರಿಸಲಿ; ಅಲ್ಲಿ ಓದು ತಪ್ಪುವುದಕ್ಕೆ ಕೈನಡುಕವೇ ಮುಖ್ಯ ಕಾರಣ. ಲೇಸರ್ ಸುರಕ್ಷತೆಯ ದರ್ಜೆ 1 ಎಂದು ನಮೂದಾಗಿರಬೇಕು. ಹಾಗಿದ್ದರೂ ಕಿರಣ ಹೊರಡುವ ಮಸೂರದೊಳಗೆ ಕಣ್ಣಿಟ್ಟು ನೋಡುವುದು, ಜನರ ಮುಖಕ್ಕೆ ಹಿಡಿಯುವುದು ಸಲ್ಲದು.

ಬುಶ್‌ನೆಲ್, ನಿಕಾನ್, ಲ್ಯುಪೋಲ್ಡ್, ವೋರ್ಟೆಕ್ಸ್, ಸಿಗ್ ಸಾವರ್ ಮುಂತಾದ ಹೆಸರುಗಳು ಎಲ್ಲರಿಗೂ ಪರಿಚಿತ. ಇವರೆಲ್ಲರ ಪಟ್ಟಿಯ ಕೆಳತುದಿಯಲ್ಲಿಯೂ ಸರಳ ಮಾದರಿಗಳಿರುತ್ತವೆ. ಹೆಸರು ಕೇಳರಿಯದ ಅಗ್ಗದ ಉಪಕರಣಗಳಲ್ಲಿ ಒಂದೇ ಕಾರ್ಖಾನೆಯ ಸರಕು ಹಲವು ಹೆಸರುಗಳಲ್ಲಿ ಬರುವುದರಿಂದ, ಬ್ರ್ಯಾಂಡ್ ಬದಲಾದರೂ ಒಳಗಿರುವುದು ಒಂದೇ ಆಗಿರಬಹುದು. ಅಂತಹ ಕಡೆ ವ್ಯತ್ಯಾಸ ತರುವುದು ವಾರಂಟಿ ಮತ್ತು ಹಿಂದಿರುಗಿಸುವ ಅವಧಿ. ಬಳಸಿದ ಹಳೆಯ ಉಪಕರಣವನ್ನು ಕೊಳ್ಳುವವರು ಬ್ಯಾಟರಿ ಕೋಣೆಯಲ್ಲಿ ಹಸಿರು ಅಥವಾ ಬಿಳಿ ತುಕ್ಕು, ಮಸೂರದ ಒಳಗೆ ಬೂಷ್ಟು ಅಥವಾ ಮಂಜು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಇವೆರಡೂ ಇಲ್ಲದ, ಕೆಂಪು ಪರದೆಯ ಹಳೆಯ ಉಪಕರಣ ಹೊಸ ಅಗ್ಗದ ಉಪಕರಣಕ್ಕಿಂತ ಎಷ್ಟೋ ವಾಸಿ.

ಎಂಟನೆಯ ಹೆಜ್ಜೆ: ಹಿಂದಿರುಗಿಸುವ ಅವಧಿಯೊಳಗೆ ಪರೀಕ್ಷಿಸಿ

ಮೇಲಿನ ಹೆಜ್ಜೆಗಳಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಪೆಟ್ಟಿಗೆ, ರಸೀದಿ, ಒಳಗಿನ ಹಾಳೆಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡು, ಉಪಕರಣ ಕೈಗೆ ಬಂದ ವಾರದಲ್ಲಿಯೇ ಈ ಪರೀಕ್ಷೆಗಳನ್ನು ಮುಗಿಸಿ.

ಮೊದಲಿಗೆ ನಿಖರತೆ. ಓಟದ ಪಥದಲ್ಲಿ 100 ಮೀಟರಿನ ನೇರ ಭಾಗ ಗುರುತಾಗಿರುತ್ತದೆ. ಇಲ್ಲವೇ ಅಳತೆಪಟ್ಟಿಯಿಂದ 20, 40, 60 ಮೀಟರ್ ಗುರುತು ಮಾಡಿ. ಪ್ರತಿಯೊಂದು ಗುರುತಿನಲ್ಲೂ ಹಲಗೆಯೊಂದನ್ನು ನಿಲ್ಲಿಸಿ ಹತ್ತು ಸಲ ಅಳೆಯಿರಿ. ಒಂದು ಮೀಟರಿನ ಒಳಗಿನ ಏರುಪೇರು ಸಹಜ. ಎಲ್ಲ ದೂರದಲ್ಲೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆ ತೋರಿಸಿದರೆ ಅದನ್ನು ನೆನಪಿಟ್ಟು ಬಳಸಬಹುದು, ಆದರೆ ಒಂದೇ ಹಲಗೆಗೆ ಒಮ್ಮೆ 58, ಒಮ್ಮೆ 63 ಎಂದು ಜಿಗಿಯುವ ಉಪಕರಣವನ್ನು ಹಿಂದಿರುಗಿಸಬೇಕು.

ಎರಡನೆಯದು ಕಿರಣದ ಜಾಗ. ಹಿಂದೆ ಬಹುದೂರದವರೆಗೆ ಏನೂ ಇಲ್ಲದ ವಿದ್ಯುತ್ ಕಂಬ ಅಥವಾ ಮರದ ಕಾಂಡವನ್ನು ಆರಿಸಿ. ಸ್ಕ್ಯಾನ್ ವ್ಯವಸ್ಥೆಯಲ್ಲಿ ಎಡದಿಂದ ನಿಧಾನವಾಗಿ ಗುರಿಚಿಹ್ನೆಯನ್ನು ಕಂಬದ ಕಡೆಗೆ ತನ್ನಿ. ಕಂಬದ ದೂರ ಮೂಡಿದ ಕ್ಷಣದಲ್ಲಿ ಚಿಹ್ನೆ ಎಲ್ಲಿತ್ತು ಎಂಬುದನ್ನು ಗುರುತಿಸಿ. ಬಲದಿಂದಲೂ ಹಾಗೆಯೇ ಮಾಡಿ. ಎರಡೂ ಕಡೆ ಸಮಾನ ಅಂತರದಲ್ಲಿ ಓದು ಮೂಡಿದರೆ ಕಿರಣ ನಡುವಿನಲ್ಲಿದೆ. ಒಂದು ಕಡೆಯಿಂದ ಬೇಗ, ಇನ್ನೊಂದು ಕಡೆಯಿಂದ ಕಂಬವನ್ನು ದಾಟಿದ ಮೇಲೆ ಮೂಡಿದರೆ ವಾಲಿಕೆಯಿದೆ. ಕಟ್ಟಡವೊಂದರ ಮಟ್ಟಸವಾದ ಸೂರಿನ ಅಂಚನ್ನು ಬಳಸಿ ಮೇಲೆ ಕೆಳಗೆ ಇದೇ ಪರೀಕ್ಷೆಯನ್ನು ಮಾಡಬಹುದು. ಅಲ್ಪಸ್ವಲ್ಪ ವಾಲಿಕೆ ಇದ್ದರೆ ಚಿಂತೆಯಿಲ್ಲ, ಚಿಹ್ನೆಯ ಯಾವ ಭಾಗವನ್ನು ಪ್ರಾಣಿಯ ಮೇಲಿಡಬೇಕೆಂಬುದು ತಿಳಿದಂತಾಯಿತು.

ಮೂರನೆಯದು ಪೊದೆಯ ಪರೀಕ್ಷೆ. ಪೊದೆಯ ಹಿಂದೆ ಹತ್ತು ಹದಿನೈದು ಮೀಟರಿನಲ್ಲಿ ಹಲಗೆಯನ್ನು ನಿಲ್ಲಿಸಿ, ರೆಂಬೆಗಳ ಸಂದಿಯಿಂದ ಅಳೆದು ಹತ್ತರಲ್ಲಿ ಎಷ್ಟು ಸಲ ಹಲಗೆಯ ದೂರ ಬಂತೆಂದು ಎಣಿಸಿ. ನಾಲ್ಕನೆಯದು ಕಪ್ಪು ಗುರಿಯ ಪರೀಕ್ಷೆ, ಇದೇ ಎಲ್ಲಕ್ಕಿಂತ ಮುಖ್ಯ. ಕಡುಗಂದು ಬಣ್ಣದ ಕಂಬಳಿ ಅಥವಾ ಹೊಳಪಿಲ್ಲದ ಉಣ್ಣೆಯ ಕೋಟನ್ನು ನಿಮ್ಮ ಗರಿಷ್ಠ ದೂರದಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ ತೂಗುಹಾಕಿ ಹತ್ತು ಸಲ ಅಳೆಯಿರಿ. ಆ ಬೆಳಕಿನಲ್ಲಿ ಅಂಕಿ ಸಲೀಸಾಗಿ ಓದಲು ಸಿಗುತ್ತದೆಯೇ ಎಂಬುದೂ ಇದರೊಂದಿಗೇ ತಿಳಿಯುತ್ತದೆ. ಸಾಧ್ಯವಾದರೆ ಕಂಬಳಿಯನ್ನು ಒದ್ದೆ ಮಾಡಿ ಮತ್ತೊಮ್ಮೆ ನೋಡಿ. ಹತ್ತರಲ್ಲಿ ಎಂಟಕ್ಕಿಂತ ಕಡಿಮೆ ಬಂದರೆ, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಆ ಉಪಕರಣ ನಿಮಗಲ್ಲ. ಪರೀಕ್ಷೆಯನ್ನು ಕಿಟಕಿಯ ಗಾಜಿನ ಒಳಗಿನಿಂದ ಮಾಡಬೇಡಿ; ಗಾಜಿನಿಂದಲೇ ಬೆಳಕು ಮರಳಿ ಓದು ಕೆಡುತ್ತದೆ. ಮಂಜು ಮುಸುಕಿದ ದಿನ ಅನುಮಾನ ಬರುವಷ್ಟು ಹತ್ತಿರದ ಅಂಕಿ ಬಂದರೂ ಅದು ಉಪಕರಣದ ದೋಷವಲ್ಲ, ಮಂಜಿನ ಹನಿಗಳು ಬೆಳಕನ್ನು ಹಿಂದಕ್ಕೆ ಕಳುಹಿಸಿರುತ್ತವೆ.

ಕಾಡಿಗೆ ಹೋದ ಮೇಲೆ

ಬಿಲ್ಲಿಗೆ ಅಥವಾ ಬಂದೂಕಿಗೆ ಜೋಡಿಸಿದ ವಿದ್ಯುನ್ಮಾನ ಉಪಕರಣಗಳನ್ನು ನಿಷೇಧಿಸುವ ನಿಯಮಗಳು ಕೆಲವೆಡೆ ಇವೆ, ಕೈಯಲ್ಲಿ ಹಿಡಿದು ಬಳಸುವುದಕ್ಕೆ ಅಡ್ಡಿ ವಿರಳ. ಹೋಗುವ ಪ್ರದೇಶದ ಆ ವರ್ಷದ ನಿಯಮವನ್ನು ಓದಿಕೊಳ್ಳಿ. ಕುಳಿತ ಜಾಗದಲ್ಲಿ ಮೊದಲ ಕೆಲಸವೆಂದರೆ ಪ್ರಾಣಿ ಬರುವ ಮುನ್ನವೇ ಸುತ್ತಲಿನ ಮರ, ಬಂಡೆ, ಬೇಲಿಕಂಬಗಳ ದೂರವನ್ನು ಅಳೆದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುವುದು. ಜಿಂಕೆ ಎದುರಾದಾಗ ಕೈಯೆತ್ತಿ ಉಪಕರಣವನ್ನು ಕಣ್ಣಿಗೆ ಹಿಡಿಯುವ ಚಲನೆಯೇ ಅದನ್ನು ಬೆದರಿಸಲು ಸಾಕು. ದೂರ ಮೊದಲೇ ಗೊತ್ತಿದ್ದರೆ ಆ ಚಲನೆಯೇ ಬೇಕಾಗುವುದಿಲ್ಲ. ನಿಧಾನವಾಗಿ ಓದುವ ಅಗ್ಗದ ಉಪಕರಣಕ್ಕೆ ಈ ಕ್ರಮ ಹೇಳಿ ಮಾಡಿಸಿದಂತಿದೆ, ಏಕೆಂದರೆ ಮರ ಎಲ್ಲಿಗೂ ಓಡಿಹೋಗುವುದಿಲ್ಲ, ಮೂರು ಸಲ ಅಳೆದು ತಾಳೆ ನೋಡಲು ಬೇಕಾದಷ್ಟು ಹೊತ್ತಿರುತ್ತದೆ. ಪ್ರಾಣಿಯ ಮೈಯೇ ಓದಿಗೆ ಸಿಗದಿದ್ದಾಗ ಅದರ ಪಕ್ಕದ ಕಾಂಡವನ್ನೋ ಕಾಲಬುಡದ ಬಂಡೆಯನ್ನೋ ಅಳೆಯಿರಿ. ಋತು ಮುಗಿದ ಮೇಲೆ ಸಿಆರ್2 ಸೆಲ್ಲನ್ನು ಹೊರಗೆ ತೆಗೆದು, ಮಸೂರವನ್ನು ಮೊದಲು ಊದುಕುಂಚದಿಂದ, ಆಮೇಲೆ ಮೆದುಬಟ್ಟೆಯಿಂದ ಒರೆಸಿ, ತೇವವಿಲ್ಲದ ಡಬ್ಬಿಯಲ್ಲಿ ಇಡಿ. ಮೀಟರ್-ಗಜದ ಆಯ್ಕೆ ಬ್ಯಾಟರಿ ತೆಗೆದಾಗ ಕೆಲವು ಉಪಕರಣಗಳಲ್ಲಿ ಮೊದಲಿನ ಸ್ಥಿತಿಗೆ ಮರಳುವುದರಿಂದ, ಮುಂದಿನ ಋತುವಿನಲ್ಲಿ ಸೆಲ್ ಹಾಕಿದೊಡನೆ ಅದನ್ನು ಪರೀಕ್ಷಿಸಿಕೊಳ್ಳಿ.